ಎದೆಮಟ್ಟದ ಹುಲ್ಲು

ಜೂನ್ 4

ಹುಲ್ಲಜ್ಜನವರಿಗೆ ನಮಸ್ಕಾರ.

ನಿಮ್ಮ ಕಥೆಯನ್ನು ನನಗೆ ಮೊದಲು ಹೇಳಿದ್ದು ನಮ್ಮ ಬೀದಿಯ ಆಟಿಕೆ ಅಂಗಡಿಯವರು, ಹೋದ ತಿಂಗಳ ಎರಡನೆಯ ಭಾನುವಾರ, ಅಂಗಡಿಯ ಬಾಗಿಲು ಅರ್ಧ ಎಳೆದ ಮೇಲೆ. ನೀವು ಮಾಡಿದ ಹುಲ್ಲುಗಾವಲಿನ ಮಾದರಿಯನ್ನು ಕಿಟಕಿಯ ಬಳಿ ಒಣಗಲು ಇಟ್ಟಿದ್ದಿರಂತೆ. ಪಕ್ಕದ ಮನೆಯ ಮೇಕೆ ಕತ್ತು ಹಾಕಿ ಅರ್ಧ ಮೇದು ಹೋಯಿತಂತೆ. "ರೈಲ್ವೆ ಕಚೇರಿ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಗೇಟಿನ ಮಾದರಿ ಇತ್ತಲ್ಲಮ್ಮ, ಅದನ್ನ ಮಾಡಿದ್ದೂ ಅವರೇ. ಇನ್ನೂ ಗಟ್ಟಿಯಾಗಿದ್ದಾರೆ, ಬರೆದು ನೋಡಿ" ಎಂದು ವಿಳಾಸ ಕೊಟ್ಟರು.

ಆ ಗಾಜಿನ ಪೆಟ್ಟಿಗೆಯನ್ನು ನಾನು ಹನ್ನೊಂದು ವರ್ಷದವಳಿದ್ದಾಗ ಶಾಲೆಯ ಜೊತೆ ಹೋಗಿ ನೋಡಿದ್ದೆ. ಅಂಥ ಹುಲ್ಲನ್ನು ಆಮೇಲೆ ಎಲ್ಲೂ ನೋಡಿಲ್ಲ.

ನಾನು ಬಟ್ಟೆ ಹೊಲಿಯುವವಳು. ಎರಡು ವರ್ಷದಿಂದ ಅಪ್ಪ ನಮ್ಮ ಮನೆಯಲ್ಲೇ ಇದ್ದಾರೆ. ಒಂದು ಕಾಲಕ್ಕೆ ಅವರು ರೈಲ್ವೆ ಗೇಟಿನಲ್ಲಿ ಕೆಲಸ ಮಾಡುತ್ತಿದ್ದವರು. ಈಗ ಕಣ್ಣು ಮಸುಕಾಗುತ್ತಿದೆ. ವರ್ಷದ ಕೊನೆಯ ಹೊತ್ತಿಗೆ ಬೆಳಕು, ನೆರಳು ಇಷ್ಟೇ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ಅವರ ಗೇಟನ್ನು ಒಂದು ಹಲಗೆಯ ಮೇಲೆ ಮಾಡಿ ತೋರಿಸಬೇಕೆಂದು ನನ್ನ ಆಸೆ. ಹಳಿ ಕೊಂಡು ತಂದೆ, ಗುಡಿಸಲನ್ನು ಬೆಂಕಿಕಡ್ಡಿಯಲ್ಲಿ ಕಟ್ಟಿದೆ. ಹುಲ್ಲಿನ ಹತ್ತಿರ ಬಂದು ಸಿಕ್ಕಿಬಿದ್ದಿದ್ದೇನೆ. ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಉದುರಿಸಿದರೆ ರೊಟ್ಟಿಗೆ ಬೂಷ್ಟು ಹಿಡಿದ ಹಾಗೆ ಕಾಣುತ್ತಿದೆ. ದಾರಿ ತೋರಿಸುತ್ತೀರಾ?

ಇಂತಿ,
ಹೊಲಿಗೆಯವಳು

*

ಜೂನ್ 13

ಹೊಲಿಗೆಯ ಮಗಳಿಗೆ ಆಶೀರ್ವಾದ.

ಮೇಕೆ ಅಲ್ಲ, ಮೊಲ. ಮೇಯಲೂ ಇಲ್ಲ, ಮೂಸಿ ನೋಡಿ ಅಸಹ್ಯಪಟ್ಟುಕೊಂಡು ಹೋಯಿತು. ಆದರೆ ಬಾಯಿಂದ ಬಾಯಿಗೆ ಹೋಗುವಾಗ ಮೊಲಕ್ಕೆ ಕೊಂಬು ಬಂದಿದ್ದರೆ ಬೇಡ ಅನ್ನುವುದಕ್ಕೆ ನಾನ್ಯಾರು? ಇಲ್ಲಿ ಎಲ್ಲರಿಗೂ ನಾನು ಹುಲ್ಲಜ್ಜ. ನಿಜವಾದ ಹೆಸರು ಹಿಡಿದು ಕರೆದರೆ ನಾನೇ ತಿರುಗಿ ನೋಡುವುದಿಲ್ಲ.

ಮೊದಲ ಪಾಠ ಕೇಳು. ಹುಲ್ಲು ಹಸಿರಲ್ಲ. ನಂಬಿಕೆ ಬಾರದಿದ್ದರೆ ಹೊರಗೆ ಹೋಗಿ ಮೊಣಕಾಲೂರಿ ಬುಡ ನೋಡು. ಕೆಳಗೆಲ್ಲ ಹೋದ ವರ್ಷದ ಒಣಗರಿಕೆ, ಅದರ ನಡುವೆ ಈ ವರ್ಷದ್ದು ತಲೆ ಎತ್ತಿರುತ್ತದೆ. ಆದ್ದರಿಂದ ಒಂದು ಹಿಡಿ ಹಸಿರು ಎಳೆಗೆ ಎರಡು ಹಿಡಿ ಒಣಹುಲ್ಲಿನ ಬಣ್ಣದ ಎಳೆ. ಹಲಗೆಗೆ ಮೊದಲು ಮಣ್ಣಿನ ಬಣ್ಣ ಬಳಿ. ಒಣಗಿದ ಮೇಲೆ ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಹಚ್ಚು.

ಎರಡನೆಯದು, ನಿಲ್ಲಿಸುವುದು. ನನ್ನ ಹಳೆಯ ಜರಡಿಯನ್ನು ಪಾರ್ಸಲ್ಲಿನಲ್ಲಿ ಕಳಿಸಿದ್ದೇನೆ, ಜೊತೆಗೆ ನೈಲಾನ್ ಎಳೆಯ ಪೊಟ್ಟಣಗಳೂ ಇವೆ. ಜರಡಿಯ ಹಿಡಿಕೆಯಲ್ಲಿ ಬ್ಯಾಟರಿ ಇದೆ. ಅದರಿಂದ ಬರುವ ತಂತಿಯನ್ನು ಹಸಿ ಅಂಟಿನಲ್ಲಿ ಚುಚ್ಚಿದ ಮೊಳೆಗೆ ಸಿಕ್ಕಿಸಿ ಮೆಲ್ಲಗೆ ಅಲ್ಲಾಡಿಸು. ವಿದ್ಯುತ್ತಿನ ಸೆಳೆತಕ್ಕೆ ಎಳೆಗಳೆಲ್ಲ ಚಳಿಗೆ ಮೈಕೂದಲು ನಿಂತ ಹಾಗೆ ಎದ್ದು ನಿಲ್ಲುತ್ತವೆ. ಮೊದಲ ಸಲ ನೋಡಿದಾಗ ನಾನು ಊಟ ಮರೆತಿದ್ದೆ.

ಮೂರನೆಯದು ಎಲ್ಲರೂ ಮರೆಯುವುದು. ಕಾಲು ಓಡಾಡುವ ಕಡೆ ಹುಲ್ಲು ಹಾಕಬೇಡ. ಕಂಬದ ಬುಡದಲ್ಲಿ ಮಾತ್ರ ಉದ್ದ ಬಿಡು, ಅಲ್ಲಿಗೆ ಕುಡುಗೋಲು ಹೋಗುವುದಿಲ್ಲ.

ಗಾಜಿನ ಪೆಟ್ಟಿಗೆ ನಿನಗೆ ಇನ್ನೂ ನೆನಪಿದೆ ಎಂದು ಓದಿ ಈ ಮುದುಕ ಆ ದಿನ ಎರಡು ಸಲ ಕಾಫಿ ಕುಡಿದ.

ಹುಲ್ಲಜ್ಜ

*

ಜುಲೈ 1

ಗುರುಗಳಾದ ಹುಲ್ಲಜ್ಜನವರಿಗೆ ನಮಸ್ಕಾರ.

ಜರಡಿ ಕ್ಷೇಮವಾಗಿ ಬಂತು. ನಾವು ಅಷ್ಟು ಕ್ಷೇಮವಾಗಿಲ್ಲ. ನಮ್ಮನೆಯವರಿಗೆ ಮೂರು ದಿನದಿಂದ ಸೀನು. "ಮನೆಯೊಳಗೆ ಹೊಲ ಮಾಡ್ತೀನಿ ಅಂದ್ರೆ ಮೊದಲೇ ಹೇಳ್ಬಾರದಾ, ನಾನು ಕೊಟ್ಟಿಗೇಲಿ ಮಲಗ್ತಿದ್ದೆ" ಎನ್ನುತ್ತಾರೆ. ಒಬ್ಬ ಗಿರಾಕಿಯ ಕರಿ ಕೋಟಿನ ಬೆನ್ನಿನ ಮೇಲೆ ಅಂಗೈಯಗಲ ಹುಲ್ಲು ಬೆಳೆದಿತ್ತು. ಬ್ರಷ್ಷಿನಿಂದ ಉಜ್ಜಿ ತೆಗೆದು, ಹತ್ತಿಯ ಧೂಳು ಎಂದು ಸುಳ್ಳು ಹೇಳಿದೆ.

ಮೊದಲ ಸಲ ಜಮಖಾನೆಯಂತೆ ಬಂತು. ಎರಡನೆಯ ಸಲ ನೀವು ಹೇಳಿದ ಹಾಗೆ ಒಣಹುಲ್ಲಿನ ಬಣ್ಣದ ಎಳೆ ಬೆರೆಸಿ, ಹಲಗೆಯನ್ನು ತಲೆಕೆಳಗು ಮಾಡಿ ತಟ್ಟಿದೆ. ಆಗ ಉಸಿರು ಬಂದ ಹಾಗಾಯಿತು. ಅಪ್ಪ ಭೂತಗನ್ನಡಿ ಹಿಡಿದು ಬಂದು ಬಹಳ ಹೊತ್ತು ಬಗ್ಗಿ ನೋಡಿದರು.

"ಇದಕ್ಕೆ ಯಾಕಮ್ಮ ಕ್ಷೌರ ಮಾಡ್ಸಿದ್ದೀಯ?" ಎಂದರು.

"ಎಷ್ಟಿರಬೇಕಿತ್ತಪ್ಪ?"

"ಎದೆಮಟ್ಟ."

ಎಷ್ಟೋ ವರ್ಷದ ಮೇಲೆ ಆ ಮಾತು ಅವರ ಬಾಯಿಂದ ಬಂತು. ನಾನು ವಾದಿಸಲಿಲ್ಲ, ಆಯ್ತಪ್ಪ ಎಂದೆ. ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ಮೊಣಕಾಲುಮಟ್ಟ ಇತ್ತು. ನನ್ನ ಮನಸ್ಸಿನಲ್ಲಿ ನಿಂತಿರುವುದೂ ಅದೇ. ಆದರೂ ಮುದುಕರ ಆಸೆ, ಅವರು ಹೇಳಿದಷ್ಟೇ ಎತ್ತರ ಮಾಡೋಣವೆಂದುಕೊಂಡಿದ್ದೇನೆ. ನನ್ನ ಮಾದರಿ ನಿಜದ ಎಂಬತ್ತನೆಯ ಒಂದು ಪಾಲು. ನೀವು ಕಳಿಸಿದ ಎಳೆಗಳಲ್ಲಿ ಅಷ್ಟುದ್ದದವು ಇಲ್ಲ. ಹೇಗೆ ಮಾಡಲಿ?

ನಿಮ್ಮ ಶಿಷ್ಯೆ,
ಹೊಲಿಗೆಯವಳು

*

ಜುಲೈ 9

ಮಗಳೇ,

ಎಂಬತ್ತನೆಯ ಪಾಲೆಂದರೆ ಎದೆಮಟ್ಟಕ್ಕೆ ಹದಿನೈದು ಮಿಲಿಮೀಟರ್ ಬೇಕು. ಸೆಣಬಿನ ನಾರನ್ನು ಅಷ್ಟಷ್ಟೇ ಕತ್ತರಿಸಿ, ಚಿಮಟದಿಂದ ಗೊಂಚಲು ಗೊಂಚಲಾಗಿ ನೆಡಬೇಕು. ಹೇಗೆಂದು ಕೇಳಿದೆ, ಹೇಳಿದೆ. ಆದರೆ ಮಾಡಬೇಡ ಎನ್ನುತ್ತೇನೆ.

ನೀನು ಮೆಚ್ಚಿದ ಗಾಜಿನ ಪೆಟ್ಟಿಗೆಯ ಗುಟ್ಟನ್ನೇ ಹೇಳಿಬಿಡುತ್ತೇನೆ, ಯಾರಿಗೂ ಹೇಳಿದವನಲ್ಲ. ಅದೂ ಎಂಬತ್ತನೆಯ ಪಾಲಿನದೇ, ಯಾವುದೋ ವಿಚಾರಣೆಗೆ ಮಾಡಿಸಿದ್ದು. ಅವರು ಕೊಟ್ಟ ಅಳತೆಯ ಹಾಳೆಯಲ್ಲಿ "ಏರುದಾರಿಯ ಎರಡೂ ಬದಿ ಹುಲ್ಲು ಎದೆಮಟ್ಟ, ಗೇಟಿನವನ ಹೇಳಿಕೆಯಂತೆ" ಎಂದು ಬರೆದಿತ್ತು. ನಾನು ಬಲು ನಿಯತ್ತಿನ ಮನುಷ್ಯ. ಹನ್ನೊಂದು ದಿನ ಕೂತು ಹದಿನೈದು ಮಿಲಿಮೀಟರಿನ ನಾರು ನೆಟ್ಟೆ. ಮುಗಿಸಿ ಎದ್ದು ನಿಂತು ನೋಡುತ್ತೇನೆ, ಪೊರಕೆ ಮಲಗಿಸಿದ ಹಾಗಿದೆ. ಗುಡಿಸಲು ಮುಳುಗಿದೆ, ದಾರಿಯೇ ಕಾಣುವುದಿಲ್ಲ. ಅಳತೆ ಸರಿ, ನೋಟ ಕೆಟ್ಟಿತ್ತು. ಮಾರನೆಯ ದಿನ ಒಪ್ಪಿಸಬೇಕು. ಮಧ್ಯಾಹ್ನ ಕತ್ತರಿ ತೆಗೆದುಕೊಂಡು ಆರು ಮಿಲಿಮೀಟರಿಗೆ ಇಳಿಸಿದೆ, ಮೇಲೆ ಒಂಚೂರು ಹಸಿರು ಉದುರಿಸಿದೆ. ಎಲ್ಲವೂ ಎದ್ದು ಕಂಡಿತು. ನೋಡಿದವರೆಲ್ಲ ಬೆರಳು ಕಚ್ಚಿಕೊಂಡರು. ಅಲ್ಲಿಂದಲೇ ನನಗೆ ಹೆಸರು ಬಂದದ್ದು.

ಕಣ್ಣಿಗೆ ಹಿತವಾಗಿದ್ದರೆ ಅಳತೆಪಟ್ಟಿ ಹಿಡಿಯುವವರು ಯಾರೂ ಇಲ್ಲ. ಹೊಲಿಗೆಯವಳು ನೀನು, ನಿನಗೆ ಗೊತ್ತಿಲ್ಲವೇ? ಗಿರಾಕಿ ಹೇಳಿದ ಅಳತೆ ಬೇರೆ, ಮೈಗೆ ಒಪ್ಪುವ ಅಳತೆ ಬೇರೆ. ಅದರಲ್ಲೂ ನಿಮ್ಮಪ್ಪನಿಗೆ ಕಣ್ಣು ಮಸುಕು. ಧೈರ್ಯವಾಗಿ ಕತ್ತರಿಸು.

ಹುಲ್ಲಜ್ಜ

*

ಆಗಸ್ಟ್ 2

ಮಗಳೇ,

ಮೂರು ವಾರವಾಯಿತು, ಪತ್ರವಿಲ್ಲ. ಅಂಟು ಕೈಕೊಟ್ಟಿತೇ? ಈ ತಿಂಗಳ ತೇವಕ್ಕೆ ಅದು ಬೆಳ್ಳಗೆ ಹೆಪ್ಪುಗಟ್ಟುವುದುಂಟು. ಹಾಗಾಗಿದ್ದರೆ ಬಿಸಿನೀರಿನ ಬಟ್ಟೆ ಒತ್ತಿ ಕೆರೆದು ತೆಗೆ, ನಾಚಿಕೆ ಪಡಬೇಡ. ನಾನು ಇಡೀ ಒಂದು ಗುಡ್ಡವನ್ನೇ ಕೆರೆದು ಹಾಕಿದವನು.

ಜರಡಿ ಕೆಟ್ಟಿದ್ದರೂ ಚಿಂತೆಯಿಲ್ಲ, ಅದಕ್ಕೆ ವಯಸ್ಸಾಗಿತ್ತು.

ಹುಲ್ಲಜ್ಜ

*

ಆಗಸ್ಟ್ 29

ಮಗಳೇ,

ಅಪ್ಪ ಹೇಗಿದ್ದಾರೆ? ಕೇಳಬಾರದ್ದನ್ನು ಕೇಳುತ್ತಿದ್ದೇನೆಯೋ ಏನೋ. ಅವರ ಕಣ್ಣಿನ ವಿಷಯದಲ್ಲಿ ತಮಾಷೆಯಾಗಿ ಬರೆದದ್ದು ನಿನಗೆ ನೋವಾಗಿರಬೇಕು ಎಂದು ಆಮೇಲೆ ಹೊಳೆಯಿತು. ಮುದುಕನ ನಾಲಗೆ, ಬಿಟ್ಟುಬಿಡು. ಎರಡು ಸಾಲು ಬರೆ.

ಹುಲ್ಲಜ್ಜ

*

ಸೆಪ್ಟೆಂಬರ್ 6

ಹುಲ್ಲಜ್ಜನವರಿಗೆ,

ಅಂಟು ಚೆನ್ನಾಗಿಯೇ ಇದೆ, ಜರಡಿಯೂ ಚೆನ್ನಾಗಿದೆ. ಆ ಅಳತೆಯ ಹಾಳೆಯಲ್ಲಿದ್ದ ಗೇಟಿನವನು ನನ್ನ ಅಪ್ಪ.

ಆ ಗೇಟಿಗೆ ದಾರಿ ಏರುತ್ತಾ ಬರುತ್ತಿತ್ತು. ಒಂದು ಸಂಜೆ ಗಂಟೆ ಹೊಡೆಯಿತು, ಅಪ್ಪ ಎರಡೂ ಕಡೆ ನೋಡಿ ಅಡ್ಡಗಂಬ ಇಳಿಸಿದರು. ಅದೇ ಹೊತ್ತಿಗೆ ಒಬ್ಬ ತಳ್ಳುಗಾಡಿಯವನು ಬೆನ್ನು ಬಗ್ಗಿಸಿ ಗಾಡಿ ತಳ್ಳಿಕೊಂಡು ಏರಿ ಬರುತ್ತಿದ್ದ. ಹುಲ್ಲಿನ ಮರೆಯಲ್ಲಿ ಅಪ್ಪನಿಗೆ ಕಾಣಲಿಲ್ಲ. ಕಂಬ ಪೂರ್ತಿ ಇಳಿಯುವಷ್ಟರಲ್ಲಿ ಹಳಿಯ ಹತ್ತಿರ ಬಂದು ಎರಡು ಅಡ್ಡಗಂಬಗಳ ನಡುವೆ ಸಿಕ್ಕಿಕೊಂಡವನು ಗಾಡಿ ಬಿಟ್ಟು ಓಡಬಹುದಿತ್ತು, ಓಡಲಿಲ್ಲ. ರೈಲು ಬಂತು. ಅವನು ಉಳಿಯಲಿಲ್ಲ.

ವಿಚಾರಣೆಯ ಹೊತ್ತಿಗೆ ರೈಲ್ವೆಯವರು ಅಲ್ಲಿಯ ಹುಲ್ಲನ್ನೆಲ್ಲ ಕೊಯ್ಯಿಸಿ ಹಾಕಿದ್ದರು. ಉಳಿದದ್ದು ನಿಮ್ಮ ಮಾದರಿ ಒಂದೇ. ವಿಚಾರಣೆಯ ಅಧ್ಯಕ್ಷರು ಅದರ ಮೇಲೆ ಒಂದು ಪುಟ್ಟ ಮನುಷ್ಯನ ಬೊಂಬೆಯನ್ನು ಬಗ್ಗಿಸಿ ಇಟ್ಟು, "ಇವನು ಕಾಣಲಿಲ್ಲವೇನಯ್ಯಾ?" ಎಂದು ಕೇಳಿದರಂತೆ. ಬೆನ್ನು, ತಲೆ ಎಲ್ಲ ಹುಲ್ಲಿಗಿಂತ ಮೇಲೆಯೇ ಕಾಣುತ್ತಿತ್ತು. "ಹುಲ್ಲು ಇಷ್ಟಿರ್ಲಿಲ್ಲ ಸಾರ್, ಎದೆಮಟ್ಟ ಇತ್ತು" ಎಂದು ಅಪ್ಪ ಎಷ್ಟು ಸಲ ಹೇಳಿದರೂ ಯಾರೂ ಕೇಳಲಿಲ್ಲ. ಅಜಾಗರೂಕತೆ, ಅದನ್ನು ಮುಚ್ಚಲು ಸುಳ್ಳು ಎಂದು ಬರೆದರು. ಕೆಲಸ ಹೋಯಿತು. ಹದಿನೈದು ದಿನದಲ್ಲಿ ರೈಲ್ವೆಯ ಮನೆ ಖಾಲಿ ಮಾಡಿದೆವು.

ಅಪ್ಪನಿಗೆ ಕೆಲಸ ಹೋದದ್ದಕ್ಕಿಂತ ಸುಳ್ಳುಗಾರ ಎನಿಸಿಕೊಂಡದ್ದು ದೊಡ್ಡದಾಯಿತು. ಗೇಟನ್ನು ನಾನು ಎಂದೂ ಹತ್ತಿರದಿಂದ ಕಂಡವಳಲ್ಲ. ಮಾರನೆಯ ವರ್ಷ ಶಾಲೆಯವರು ನಮ್ಮನ್ನು ಗಾಜಿನ ಪೆಟ್ಟಿಗೆ ನೋಡಲು ಕರೆದುಕೊಂಡು ಹೋದರು. ಮನೆಗೆ ಬಂದು ನಾನು ಹೇಳಿದೆ: "ಮೊಣಕಾಲುಮಟ್ಟ ಇತ್ತಪ್ಪ, ನಾನೇ ನೋಡ್ದೆ."  ಆಮೇಲೆ ಅಪ್ಪ ನನ್ನ ಮುಂದೆ ಆ ಮಾತನ್ನೇ ಎತ್ತಲಿಲ್ಲ, ಈ ಜೂನ್ ತಿಂಗಳವರೆಗೆ.

ಅಜ್ಜ, ಇಪ್ಪತ್ತಾರು ವರ್ಷ ನಾನು ಅಪ್ಪನನ್ನು ನಂಬಲಿಲ್ಲ, ನಿಮ್ಮ ಹುಲ್ಲನ್ನು ನಂಬಿದೆ. ಅದು ಅಷ್ಟು ಚೆನ್ನಾಗಿತ್ತು.

ನಿಮ್ಮ ಜುಲೈ ಪತ್ರವನ್ನು ಅಪ್ಪನಿಗೆ ಓದಿ ಹೇಳಬಹುದಿತ್ತು. ಅದರಲ್ಲಿ ನೀವು ನಗುತ್ತಿದ್ದೀರಿ. ಆ ನಗುವನ್ನು ಅವರಿಗೆ ಕೇಳಿಸಲಾರೆ. ನನಗೆ ಬೇರೆ ಒಂದು ಕಾಗದ ಬೇಕು, ನಿಮ್ಮ ಕೈಬರಹದಲ್ಲಿ, ದಪ್ಪ ಅಕ್ಷರದಲ್ಲಿ. ಅವರು ಸುಳ್ಳು ಹೇಳಲಿಲ್ಲ ಎಂದು ಅವರೇ ಓದಿಕೊಳ್ಳಬೇಕು. ಭೂತಗನ್ನಡಿ ಹಿಡಿದರೆ ಈಗಲೂ ಓದಬಲ್ಲರು. ಆದರೆ ಕಣ್ಣು ಡಾಕ್ಟರು ಹೇಳಿದ್ದಕ್ಕಿಂತ ಬೇಗ ಹೋಗುತ್ತಿದೆ.

ಹೊಲಿಗೆಯವಳು

*

ಸೆಪ್ಟೆಂಬರ್ 15

ಮಾನ್ಯರೇ,

ತಮ್ಮ ಪತ್ರ ತಲುಪಿತು. ವಿಷಯ ತಿಳಿದು ವಿಷಾದವಾಯಿತು. ನಾನು ಒಬ್ಬ ಕುಶಲಕರ್ಮಿ ಮಾತ್ರ. ಮಾದರಿಯನ್ನು ಯಾವುದಕ್ಕೆ ಬಳಸುತ್ತಾರೆ, ಅದರಿಂದ ಏನು ತೀರ್ಮಾನಿಸುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ವಿಚಾರಣೆ ನಡೆಸಿದವರು ಅಳತೆಯನ್ನು ತಾಳೆ ನೋಡಬೇಕಾಗಿತ್ತು. ಅಷ್ಟು ಹಿಂದಿನ ಸಂಗತಿಯ ಬಗ್ಗೆ ಈ ವಯಸ್ಸಿನಲ್ಲಿ ಖಚಿತವಾಗಿ ಬರೆದುಕೊಡುವುದು ಕಷ್ಟ. ತಮ್ಮ ತಂದೆಯವರ ಆರೋಗ್ಯ ಸುಧಾರಿಸಲಿ.

*

ಸೆಪ್ಟೆಂಬರ್ 21

ಹನ್ನೊಂದು ದಿನ, ಹದಿನೈದು ಮಿಲಿಮೀಟರ್, ಆರು ಮಿಲಿಮೀಟರ್. ಜುಲೈಯಲ್ಲಿ ಎಲ್ಲವೂ ಖಚಿತವಾಗಿ ನೆನಪಿತ್ತು.

ನೀವು ಸಹಿ ಹಾಕಲು ಮರೆತಿದ್ದೀರಿ.

*

ಅಕ್ಟೋಬರ್ 30

ಮಗಳೇ,

ಹಾಗೆ ಕರೆಯುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಬೇರೆ ಹೇಗೆ ಕರೆಯಬೇಕೋ ತಿಳಿಯಲಿಲ್ಲ.

ಇಷ್ಟು ದಿನ ಏನು ಮಾಡಿದೆ ಎಂದು ಹೇಳುತ್ತೇನೆ. ರೈಲ್ವೆ ಕಚೇರಿಗೆ ಹೋದೆ. ವಿಚಾರಣೆಯ ಕಡತದಲ್ಲಿ ನನ್ನ ಹೇಳಿಕೆ ಸೇರಿಸಿ ಎಂದು ಕೇಳಿದೆ. ಅಷ್ಟು ಹಳೆಯ ಕಡತಗಳನ್ನು ಸುಟ್ಟಿದ್ದಾರಂತೆ. ಗಾಜಿನ ಪೆಟ್ಟಿಗೆ ಉಗ್ರಾಣದಲ್ಲಿದೆ, ಒಳಗೆ ಈಗ ಯಾರದೋ ಹಳೆಯ ಟೋಪಿಗಳಿವೆ. "ಆ ಗೇಟೇ ಈಗಿಲ್ಲ ತಾತ, ಮೇಲ್ಸೇತುವೆ ಆಗಿದೆ, ನಿಮಗ್ಯಾಕೆ ಈ ಚಿಂತೆ?" ಎಂದ ಅಲ್ಲಿಯ ಗುಮಾಸ್ತ. ಹೋಗಿಬಂದದ್ದಕ್ಕೆ ಎರಡು ದಿನ. ಉಳಿದ ದಿನಗಳೆಲ್ಲ ಬರೀ ಹೆದರಿಕೆ. ಕಾಗದ ಮುಂದಿಟ್ಟುಕೊಂಡು ಪೆನ್ನಿಗೆ ಶಾಯಿ ತುಂಬುವುದು, ಏಳುವುದು, ಮತ್ತೆ ಕೂರುವುದು.

ತಿಳಿದಿರಲಿಲ್ಲ ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ವಿಚಾರಣೆ ಮುಗಿದ ವಾರ ಅಲ್ಲಿಯ ಅಧಿಕಾರಿಯೊಬ್ಬರು ನನ್ನ ಕೆಲಸದ ಕೋಣೆಗೆ ಬಂದಿದ್ದರು. "ನಿಮ್ಮ ಮಾದರಿ ಇಲ್ಲದಿದ್ದರೆ ತಿಂಗಳು ಹಿಡೀತಿತ್ತು. ಒಂದೇ ಗಂಟೇಲಿ ಎಲ್ಲಾ ಇತ್ಯರ್ಥ ಆಯ್ತು. ಗೇಟಿನವನು ಹುಲ್ಲಿನ ಕಥೆ ಕಟ್ಟಿದ್ದ, ಅವನ ಬಾಯಿ ಮುಚ್ಚಿಹೋಯ್ತು" ಎಂದು ಬೆನ್ನು ತಟ್ಟಿದರು. ಹುಲ್ಲು ಎಂಬ ಮಾತು ಕಿವಿಗೆ ಬಿತ್ತು, ಮಗಳೇ. ಮೇಜಿನ ಕೆಳಗೆ ನಾನು ಕತ್ತರಿಸಿದ ನಾರು ಇನ್ನೂ ಬುಟ್ಟಿಯಲ್ಲೇ ಇತ್ತು. ಏನು ಹುಲ್ಲಿನ ಕಥೆ ಎಂದು ನಾನು ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು ಎಂದು ಗೊತ್ತಿದ್ದೇ ಕೇಳಲಿಲ್ಲ. ಅವರು ಹೋದ ಮೇಲೆ ಬುಟ್ಟಿಯನ್ನು ಒಲೆಗೆ ಸುರಿದೆ. ಸಂಜೆ ಮನೆಗೆ ಸಿಹಿ ತೆಗೆದುಕೊಂಡು ಹೋದೆ.

ಅಲ್ಲಿಂದ ಮುಂದೆ ನಗುವುದನ್ನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ನಿನಗೆ ಜುಲೈಯಲ್ಲಿ ಬರೆಯುವಾಗ ಅದು ನಿಜವಾಗಿಯೂ ತಮಾಷೆಯ ಕಥೆಯೇ ಆಗಿಹೋಗಿತ್ತು.

ಜೊತೆಗಿರುವ ಹಾಳೆ ನಿಮ್ಮಪ್ಪನಿಗೆ. ಕುಂಚದಲ್ಲಿ ಬರೆದಿದ್ದೇನೆ, ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟಿದೆ. ಅದರಲ್ಲಿರುವುದು ಇಷ್ಟೇ:

"ಗೇಟಿನ ಯಜಮಾನರಿಗೆ. ಹುಲ್ಲು ಎದೆಮಟ್ಟ ಇತ್ತೆಂದು ನೀವು ಹೇಳಿದಿರಿ, ಹಾಗೆಯೇ ನನಗೆ ಬರೆದುಕೊಟ್ಟಿದ್ದರು. ನಾನು ಹಾಗೆಯೇ ಮಾಡಿದೆ. ಆಮೇಲೆ ಚಂದ ಕಾಣಲೆಂದು ಕತ್ತರಿಸಿದೆ. ನೀವು ಸುಳ್ಳು ಹೇಳಲಿಲ್ಲ. ಸುಳ್ಳು ನನ್ನ ಕೈಯಿಂದ ಆದದ್ದು."

ಕೆಳಗೆ ನನ್ನ ನಿಜವಾದ ಹೆಸರನ್ನೇ ಬರೆದಿದ್ದೇನೆ.

*

ನವೆಂಬರ್ 9

ಹುಲ್ಲಜ್ಜನವರಿಗೆ,

ನಿಮ್ಮ ಹಾಳೆ ನಾಲ್ಕರಂದು ಬಂತು. ಅಪ್ಪ ಅದನ್ನು ಕಿಟಕಿಯ ಬಳಿ ಹಿಡಿದರು, ದೀಪದ ಬಳಿ ಹಿಡಿದರು, ಭೂತಗನ್ನಡಿ ಇಟ್ಟು ನೋಡಿದರು. "ಏನೋ ಕಪ್ಪಗಿದೆ ಕಣಮ್ಮ, ಸಾಲು ಸಾಲಾಗಿ" ಎಂದರು. ಅಷ್ಟೇ ಕಂಡದ್ದು. ಸೆಪ್ಟೆಂಬರಿನಲ್ಲಿ ಅವರು ಔಷಧದ ಸೀಸೆಯ ಚೀಟಿ ಓದುತ್ತಿದ್ದರು. ನಿಮ್ಮನ್ನು ದೂರಿ ಬರೆಯುತ್ತಿಲ್ಲ. ಜುಲೈ ಪತ್ರ ಬಂದ ಮೇಲೆ ನಾನೂ ಎಂಟು ವಾರ ಬಾಯಿ ಮುಚ್ಚಿಕೊಂಡಿದ್ದೆ. ಆ ದಿನವೇ ಬರೆದಿದ್ದರೆ ನೀವು ಹೆದರಿ ಮುಗಿಸುವಷ್ಟು ಸಮಯ ಇರುತ್ತಿತ್ತು.

ಹಲಗೆ ಮುಗಿದಿತ್ತು. ಏರುದಾರಿಯ ಎರಡೂ ಬದಿ ಸೆಣಬಿನ ನಾರನ್ನು ಹದಿನೈದು ಮಿಲಿಮೀಟರ್ ನೆಟ್ಟಿದ್ದೆ, ಕತ್ತರಿ ಮುಟ್ಟಿಸಲಿಲ್ಲ. ದಾರಿಯಲ್ಲಿ ಬೆನ್ನು ಬಗ್ಗಿಸಿದ ಒಬ್ಬ ಮನುಷ್ಯ, ಒಂದು ಗಾಡಿ. ಅಪ್ಪನ ಕೈ ಹಿಡಿದು ಹಳಿಯ ಮೇಲೆ ಇಟ್ಟೆ. ಬೆರಳಿನಿಂದ ಹಳಿ, ಅಡ್ಡಗಂಬ, ಗುಡಿಸಲ ಬಾಗಿಲು ಎಲ್ಲ ಗುರುತು ಹಿಡಿದರು. ಗುಡಿಸಲ ಬಾಗಿಲಲ್ಲಿ ಬೆರಳು ಇಟ್ಟುಕೊಂಡು ದಾರಿಯ ಕಡೆಗೆ ಸವರುತ್ತಾ ಹೋದರು. ಹುಲ್ಲಿನ ಮೇಲೆ ಅಂಗೈ ನಿಂತಿತು.

"ಹೂಂ. ಇಷ್ಟಿತ್ತು" ಎಂದರು. "ಗಾಡಿಯವನನ್ನ ಇಟ್ಟಿಲ್ವಾ?"

"ಇಟ್ಟಿದ್ದೀನಪ್ಪ, ಅಲ್ಲೇ ಇದ್ದಾನೆ."

ಮತ್ತೊಮ್ಮೆ ಸವರಿದರು. "ಕೈಗೆ ಸಿಗ್ತಿಲ್ವಲ್ಲಮ್ಮ" ಎಂದು ಕೈ ಹಿಂದೆಗೆದುಕೊಂಡರು.

ಆಮೇಲೆ ನಿಮ್ಮ ಹಾಳೆಯನ್ನು ನಾನೇ ಓದಿದೆ. ಅಪ್ಪ ಕುರ್ಚಿಯಲ್ಲಿ, ನಮ್ಮನೆಯವರು ಬಾಗಿಲಲ್ಲಿ ನಿಂತು ಕೇಳಿದರು. ಅಪ್ಪ ಎರಡನೆಯ ಸಲ ಓದಿಸಿದರು. ಮೂರನೆಯ ಸಲ "ಸುಳ್ಳು ಹೇಳಲಿಲ್ಲ" ಎಂಬ ಸಾಲೊಂದನ್ನೇ ಓದಿಸಿದರು. ನಾನು ಅವರು ಅಳುತ್ತಾರೆಂದುಕೊಂಡಿದ್ದೆ, ಇಲ್ಲವೇ ನಿಮ್ಮನ್ನು ಬೈಯುತ್ತಾರೆಂದು. ಅವರು ನಿಮ್ಮ ಸುದ್ದಿಯನ್ನೇ ಎತ್ತಲಿಲ್ಲ.

"ನೀನು ಯಾವಾಗ ನಂಬಿದ್ದು?" ಎಂದು ನನ್ನನ್ನು ಕೇಳಿದರು.

ಸುಳ್ಳು ಹೇಳಬಹುದಿತ್ತು. ಮೊದಲಿಂದಲೂ ನಂಬಿದ್ದೆ ಅಪ್ಪ, ಅದಕ್ಕೇ ಇದನ್ನು ಮಾಡಲು ಕೂತದ್ದು ಎಂದರೆ ಆಗುತ್ತಿತ್ತು, ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ನಮ್ಮನೆಯವರು ಬಾಗಿಲಿಂದ ತಲೆಯಾಡಿಸಿ ಹಾಗೇ ಹೇಳು ಎಂದು ಸನ್ನೆಯನ್ನೂ ಮಾಡಿದರು. ಆದರೆ ಅಷ್ಟು ಹೊತ್ತು ಆ ಹಾಳೆ ಓದಿದ ಬಾಯಿಗೆ ಅದು ಬರಲಿಲ್ಲ.

"ಜುಲೈಯಲ್ಲಪ್ಪ, ಅವರ ಪತ್ರ ಬಂದ ಮೇಲೆ."

"ಹಾಗಾದ್ರೆ ನೀನೂ ಕಾಗದ ಬರೋವರೆಗೆ ಕಾದೆ" ಎಂದರು. ಕೋಪವಿರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕಿ ಕಂಡುಕೊಂಡವರ ಹಾಗೆ ಹೇಳಿದರು. ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮನೆಯವರು ಎಂದಿಗಿಂತ ಬೇಗ ಕೆಲಸಕ್ಕೆ ಹೊರಟುಹೋದರು. ನಾನು ಯಂತ್ರದ ಮುಂದೆ ಕೂತಿದ್ದೆ, ಹೊಲಿಯುತ್ತಿರಲಿಲ್ಲ. ಅಪ್ಪ ಗೋಡೆ ಹಿಡಿದುಕೊಂಡು ಬಂದರು. ಮುಖ ತೊಳೆದು ತಲೆ ಬಾಚಿದ್ದರು. ನಿಮ್ಮ ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದ್ದರು. ಯಂತ್ರದ ಹಲಗೆಯನ್ನು ತಡವಿ, ಅದನ್ನು ನನ್ನ ಕೈಯ ಪಕ್ಕದಲ್ಲಿ ಇಟ್ಟರು.

"ಇದು ನಿನ್ನ ಹತ್ರಾನೇ ಇರ್ಲಿ ಕಣಮ್ಮ," ಎಂದರು. "ನಂಗ್ಯಾಕೆ? ನಂಗೆ ಗೊತ್ತಿತ್ತಲ್ಲ."